ತಾವರೆ ಎಲೆಯ ಬಟ್ಟಲು ಮತ್ತು ನಮ್ಮ ತಾತನ ಗಡಿಗೆ



ದಸರಾ ರಜೆ ಮುಗಿದು ಶಾಲೆ ಸುರುವಾದ ದಿನ ನಮ್ಮ ವಿಜ್ಞಾನದ ಟೀಚರು ಒಂದು ಬಟ್ಟಲು ತಂದು ಮೇಜಿನ ಮೇಲೆ ಇಟ್ಟಿದ್ದು ನಿಮಗೆಲ್ಲ ನೆನಪಿರಬಹುದು. ಅವರು ಪುದುಚೇರಿಗೆ ಪ್ರವಾಸ ಹೋದಾಗ ಅಲ್ಲಿನ ಒಬ್ಬ ಸ್ಟುಡಿಯೋ ಕುಂಬಾರರ ಹತ್ತಿರ ಕೊಂಡು ತಂದದ್ದು ಅದು. ಅಂಗೈಯಷ್ಟು ಅಗಲ. ತಾವರೆ ಎಲೆಯ ಹಾಗೆ ಅಂಚು ಒಂದು ಕಡೆ ಮೇಲೆದ್ದು ಇನ್ನೊಂದು ಕಡೆ ಬಾಗಿದೆ. ನಡುವಿನಿಂದ ಅಂಚಿನವರೆಗೆ ಎಲೆಯ ನರಗಳು. ಬಣ್ಣ ತಿಳಿ ಹಸಿರು. ಕಿಟಕಿಯ ಬೆಳಕಿಗೆ ಹಿಡಿದರೆ ಆಚೆ ಕಡೆ ಇಟ್ಟ ಬೆರಳಿನ ನೆರಳು ಈಚೆ ಕಡೆ ಕಾಣುತ್ತಿತ್ತು. ಎಲ್ಲಿ ಬಿದ್ದೀತೋ ಅಂತ ಹೆದರಿಕೊಂಡೇ ಕೈಯಿಂದ ಕೈಗೆ ದಾಟಿಸಿದೆವು.

ಆಗ ಹಿಂದಿನ ಬೆಂಚಿನಿಂದ ಒಬ್ಬರು ನನ್ನನ್ನು ಕೇಳಿದರು. "ನಿಮ್ಮ ತಾತನೂ ಕುಂಬಾರ ಅಲ್ಲೇನು? ಇಂಥಾದ್ದು ಯಾಕ ಮಾಡಂಗಿಲ್ಲ? ಬರೀ ದಪ್ಪ ದಪ್ಪ ಗಡಿಗೀನ ಮಾಡ್ತಾನ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗುವ ದಾರಿಯೆಲ್ಲ ನಾನ್ಯಾಕೆ ನಕ್ಕೆ ಅಂತ ಯೋಚನೆ ಮಾಡಿದೆ. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ನಕ್ಕಿದ್ದೆ. ಈ ಲೇಖನ ಆ ಪ್ರಶ್ನೆಗೆ ಉತ್ತರ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಪ್ರಶ್ನೆ ಒಳ್ಳೆಯದೇ ಇತ್ತು.

ತಾತ ಬಟ್ಟಲನ್ನು ನೋಡಿದ್ದು

ಟೀಚರನ್ನು ಕೇಳಿ ಬಟ್ಟಲನ್ನು ಒಂದು ರಾತ್ರಿಗೆ ಮನೆಗೆ ಒಯ್ದೆ. ಅವ್ವನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಬುತ್ತಿ ಡಬ್ಬಿಯಲ್ಲಿಟ್ಟು ಒಯ್ದೆ. ತಾತ ಕೈ ತೊಳೆದುಕೊಂಡು ಬಂದರು. ಬಟ್ಟಲನ್ನು ಮಗುಚಿ ಮೊದಲು ತಳ ನೋಡಿದರು. ಆಮೇಲೆ ಬೆರಳಿನ ಗೆಣ್ಣಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ ಕಿವಿಗೆ ಹಿಡಿದರು. ಗಂಟೆಯ ಹಾಗೆ ಟಿಣ್ ಅಂತು.

"ಸೀಳಿಲ್ಲ. ಚೆಂದಾಗಿ ಬೆಂದೈತಿ" ಅಂದರು. ಬಣ್ಣದ ಮಾತು, ಎಲೆಯ ಮಾತು ಆಮೇಲೆ ಬಂತು.

ಕಿವಿಯಿಂದ ಮಡಕೆ ನೋಡುವುದು ಕುಂಬಾರರ ಮನೆಯ ಪದ್ಧತಿ. ಸಂತೆಯಲ್ಲಿ ಗಡಿಗೆ ಕೊಳ್ಳುವವರೂ ತಟ್ಟಿಯೇ ಕೊಳ್ಳುತ್ತಾರೆ. ಸಣ್ಣ ಸೀಳು ಇದ್ದರೂ ಸದ್ದು ಅಲ್ಲೇ ಕಡಿದುಹೋಗಿ "ದಬ್" ಅನ್ನುತ್ತದೆ. ಹಂಪಿಯ ಹರಿಹರ ಕವಿ ಕುಂಬಾರ ಗುಂಡಯ್ಯನ ರಗಳೆ ಬರೆದದ್ದು ನಿಮಗೆ ಗೊತ್ತು. ಗುಂಡಯ್ಯ ಮಡಕೆ ಬಾರಿಸಿದ್ದಕ್ಕೆ ಶಿವನೇ ಬಂದು ಕುಣಿದ ಅಂತ ಅದರ ಕಥೆ. ನಾನು ಆ ಕಥೆಯನ್ನು ಬರೀ ಭಕ್ತಿಯ ಕಥೆ ಅಂತ ತಿಳಿದಿದ್ದೆ. ಈಗ ಅನಿಸುತ್ತದೆ, ಗುಂಡಯ್ಯನ ಮಡಕೆಗಳು ಚೆನ್ನಾಗಿ ಬೆಂದಿದ್ದವು!

ತೆಳು ಯಾವುದು? ಅಳತೆ ಮಾಡಿ ನೋಡೋಣ

"ದಪ್ಪ ದಪ್ಪ ಗಡಿಗೆ" ಅನ್ನೋ ಮಾತು ನನ್ನ ಮನಸ್ಸಿನಲ್ಲಿ ಕೊರೀತಾ ಇತ್ತು. ಹಿತ್ತಲಲ್ಲಿ ಬಿದ್ದಿದ್ದ ಒಡೆದ ನೀರಿನ ಗಡಿಗೆಯ ಚೂರು ತಂದು ಸ್ಕೇಲ್ ಹಿಡಿದು ಅಳೆದೆ. ಹೊಟ್ಟೆಯ ಹತ್ತಿರ ಗೋಡೆಯ ದಪ್ಪ ೫ ಮಿಲಿಮೀಟರ್. ಟೀಚರ ಬಟ್ಟಲಿನ ಅಂಚು ೨ ಮಿಲಿಮೀಟರ್. ಇಷ್ಟಕ್ಕೇ ನಿಂತರೆ ಬಟ್ಟಲೇ ಗೆದ್ದ ಹಾಗೆ.

ಆದರೆ ಬಟ್ಟಲಿನ ಅಗಲ ೧೦ ಸೆಂಟಿಮೀಟರ್, ಅಂದರೆ ೧೦೦ ಮಿಲಿಮೀಟರ್. ಗೋಡೆಯ ೫೦ ಪಟ್ಟು. ಅದೇ ಅಳತೆಯ ಇನ್ನೊಂದು ಗಡಿಗೆಯ ಹೊಟ್ಟೆಗೆ ದಾರ ಸುತ್ತಿ ಲೆಕ್ಕ ಹಾಕಿದರೆ ಅಗಲ ೪೦ ಸೆಂಟಿಮೀಟರ್, ಅಂದರೆ ೪೦೦ ಮಿಲಿಮೀಟರ್. ಗೋಡೆಯ ೮೦ ಪಟ್ಟು. ಗಾತ್ರಕ್ಕೆ ಹೋಲಿಸಿದರೆ ತಾತನ ಗಡಿಗೆಯೇ ಹೆಚ್ಚು ತೆಳು! ಲೆಕ್ಕದ ಸರ್‌ಗೆ ತೋರಿಸಿದೆ, ಸರಿ ಇದೆ ಅಂದರು. ಕೋಳಿಮೊಟ್ಟೆ ಮಾತ್ರ ಇಬ್ಬರನ್ನೂ ಸೋಲಿಸುತ್ತದೆ. ಅದರ ಚಿಪ್ಪು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಮಾತ್ರ. ಮೊಟ್ಟೆಯ ಅಗಲ ಅದರ ೧೦೦ ಪಟ್ಟಿಗಿಂತ ಹೆಚ್ಚು.

ಇಷ್ಟು ತೆಳು ಇದ್ದರೂ ಗಡಿಗೆ ನೀರಿನ ಭಾರ ತಡೆಯುವುದು ಹೇಗೆ? ಅದರ ಗುಂಡನೆಯ ಆಕಾರದಿಂದ. ದುಂಡಗಿನ ಗೋಡೆ ಭಾರವನ್ನು ಒಂದೇ ಜಾಗದಲ್ಲಿ ನಿಲ್ಲಿಸದೆ ಸುತ್ತಲೂ ಹಂಚುತ್ತದೆ. ಮೊಟ್ಟೆ, ಕುಂಬಳಕಾಯಿ, ಗಡಿಗೆ ಮೂರೂ ಒಂದೇ ಉಪಾಯ. ಪುದುಚೇರಿಯ ಕುಂಬಾರರು ತಾವರೆ ಎಲೆಯನ್ನು ನೋಡಿ ಕಲಿತರು. ನಮ್ಮ ಗಡಿಗೆಯ ಹೊಟ್ಟೆಯನ್ನು ಮೊದಲು ಮಾಡಿದವರು ಯಾವ ಕಾಯಿಯನ್ನು ನೋಡಿ ಕಲಿತರೋ!

ಗಡಿಗೆಯನ್ನು ತಿಗರಿಯ ಮೇಲೇ ಇಷ್ಟು ತೆಳು ಮಾಡುವುದಿಲ್ಲ. ತಿಗರಿಯಿಂದ ಇಳಿಸಿದಾಗ ಅದು ದಪ್ಪಗೆ, ಗಿಡ್ಡಗೆ ಇರುತ್ತದೆ. ಸ್ವಲ್ಪ ಆರಿದ ಮೇಲೆ ಒಳಗೆ ಒಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆಯನ್ನು ಬೆಳೆಸುತ್ತಾರೆ. ಕಲ್ಲು ಒಳಗೆ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಕೈಗೇ ಗೊತ್ತಾಗಬೇಕು. ಒಂದೇ ಕಡೆ ಎರಡು ಏಟು ಹೆಚ್ಚು ಬಿದ್ದರೆ ಅಲ್ಲಿ ತೂತು.

ಮಣ್ಣು ಮತ್ತು ನೀರು

ಜೇಡಿಮಣ್ಣಿನ ಕಣಗಳು ಮರಳಿನ ಹಾಗೆ ಗುಂಡಗಿಲ್ಲ. ಚಪ್ಪಟೆ ಹಾಳೆಗಳ ಹಾಗೆ ಇರುತ್ತವೆ. ಒಂದು ಮಿಲಿಮೀಟರನ್ನು ೫೦೦ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅದಕ್ಕಿಂತಲೂ ಸಣ್ಣ. ಹಾಳೆಗಳ ನಡುವೆ ನೀರು ಸೇರಿದಾಗ ಒಂದರ ಮೇಲೊಂದು ಜಾರುತ್ತವೆ, ಆದರೆ ಬಿಟ್ಟು ಹೋಗುವುದಿಲ್ಲ. ಎರಡು ಗಾಜಿನ ತುಂಡಿನ ನಡುವೆ ನೀರು ಹಾಕಿ ನೋಡಿ, ಜಾರುತ್ತವೆ ಆದರೆ ಎತ್ತಲು ಬರುವುದಿಲ್ಲ. ಹಂಗೇ ಇದು. ಅದಕ್ಕೇ ಜೇಡಿಮಣ್ಣು ಹೇಳಿದ ಆಕಾರಕ್ಕೆ ಬಂದು ಹಂಗೇ ನಿಲ್ಲುತ್ತದೆ.

ನೀರು ಆರುತ್ತಾ ಹೋದಂತೆ ಹಾಳೆಗಳು ಹತ್ತಿರ ಬರುತ್ತವೆ, ಪಾತ್ರೆ ಕುಗ್ಗುತ್ತದೆ. ಎಲ್ಲಾ ಕಡೆ ಒಟ್ಟಿಗೆ ಕುಗ್ಗಿದರೆ ತೊಂದರೆ ಇಲ್ಲ. ಆದರೆ ಅಂಚು ತೆಳು ಇರುವುದರಿಂದ ಬೇಗ ಆರುತ್ತದೆ, ತಳ ದಪ್ಪ ಇರುವುದರಿಂದ ತಡ. ಅಂಚು ಕುಗ್ಗಬೇಕು ಅನ್ನುತ್ತದೆ, ತಳ ಬಿಡುವುದಿಲ್ಲ. ಆಗ ಸೀಳು ಬೀಳುತ್ತದೆ. ಅದಕ್ಕೇ ತಾತ ಹಸಿ ಮಡಕೆಯನ್ನು ಮೊದಲು ನೆರಳಿನಲ್ಲಿ ಇಡುತ್ತಾರೆ, ಗಾಳಿ ಜೋರಿದ್ದರೆ ಗೋಣಿಚೀಲ ಮುಚ್ಚುತ್ತಾರೆ. ಪುದುಚೇರಿಯ ಬಟ್ಟಲಿಗೂ ಇದೇ ನಿಯಮ. ಎಷ್ಟು ತೆಳುವೋ ಅಷ್ಟು ತಾಳ್ಮೆ ಬೇಕು.

ಬೆಂಕಿಯ ಕೆಲಸ

ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ನೀರು ಉಳಿದಿರುತ್ತದೆ. ೧೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ನೀರು ಹಬೆಯಾಗುತ್ತದೆ. ಹಬೆಗೆ ನೀರಿಗಿಂತ ಸುಮಾರು ೧,೬೦೦ ಪಟ್ಟು ಜಾಗ ಬೇಕು. ಜಾಗ ಸಿಗದಿದ್ದರೆ ಮಡಕೆ ಪಟಾಕಿಯ ಹಾಗೆ ಒಡೆಯುತ್ತದೆ. ಅದಕ್ಕೇ ಆವಿಗೆಗೆ ಮೊದಲು ಸಣ್ಣ ಉರಿ. ಮುಂದೆ ಸುಮಾರು ೫೦೦ ಡಿಗ್ರಿಯ ಆಸುಪಾಸಿನಲ್ಲಿ ಜೇಡಿಕಣದ ಒಳಗೇ ಬೆಸೆದುಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಮಣ್ಣಲ್ಲ. ಎಷ್ಟು ನೆನೆಸಿದರೂ ಮತ್ತೆ ಕೆಸರಾಗುವುದಿಲ್ಲ. ಸಂಗನಕಲ್ಲು, ತೆಕ್ಕಲಕೋಟೆ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕೈಯಲ್ಲೇ ಮಾಡಿದ ಮಡಕೆಗಳ ಚೂರು ಮೂರು ಸಾವಿರಕ್ಕೂ ಹೆಚ್ಚು ವರ್ಷ ಮಳೆಯಲ್ಲಿ ನೆನೆದರೂ ಉಳಿದು ಬಂದದ್ದು ಇದರಿಂದಲೇ.

ನಮ್ಮ ಆವಿಗೆಯಂಥದ್ದರಲ್ಲಿ ಶಾಖ ಸಾಮಾನ್ಯವಾಗಿ ೭೦೦ರಿಂದ ೯೦೦ ಡಿಗ್ರಿ. ಟೀಚರ ಬಟ್ಟಲು ಪಿಂಗಾಣಿ. ಅದನ್ನು ಸುಟ್ಟಿದ್ದು ಸುಮಾರು ೧,೩೦೦ ಡಿಗ್ರಿಯಲ್ಲಿ, ಮುಚ್ಚಿದ ಭಟ್ಟಿಯಲ್ಲಿ. ಪಿಂಗಾಣಿಗೆ ಕೆರೆಮಣ್ಣು ಆಗುವುದಿಲ್ಲ. ಕೇವೋಲಿನ್ ಎಂಬ ಬಿಳಿ ಜೇಡಿಗೆ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ ಸೇರಿಸುತ್ತಾರೆ. ಆ ಶಾಖಕ್ಕೆ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಕಣಗಳ ನಡುವಿನ ಸಂದುಗಳನ್ನೆಲ್ಲ ತುಂಬುತ್ತದೆ. ಬೆರಳಿನ ನೆರಳು ಕಾಣುವುದು ಆ ಗಾಜಿನಿಂದ, ಟಿಣ್ ಅನ್ನುವುದೂ ಅದರಿಂದಲೇ.

ನಮ್ಮ ಕೆರೆಮಣ್ಣನ್ನು ಅಷ್ಟು ಶಾಖದಲ್ಲಿಟ್ಟರೆ? ಉಬ್ಬಿ, ಬಾಗಿ, ಕುಸಿದು ಕೂರುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಮತ್ತು ಬೇಗ ಕರಗುವ ಲವಣಗಳು ಹೆಚ್ಚು. ಅಂದರೆ ಹಿಂದಿನ ಬೆಂಚಿನ ಪ್ರಶ್ನೆಗೆ ಮೊದಲ ಉತ್ತರ ಇದು: ತಾತನ ಕೈಗೆ ಬಾರದು ಅಂತಲ್ಲ, ಆ ಮಣ್ಣೂ ಬೇರೆ, ಆ ಬೆಂಕಿಯೂ ಬೇರೆ.

ಸಂಡೂರಿನ ಕೆಂಪು, ಬಟ್ಟಲಿನ ಹಸಿರು

ಇದು ನನಗೆ ಬಹಳ ಆಶ್ಚರ್ಯ ತಂದ ವಿಷಯ.

ನಮ್ಮ ಅಪ್ಪ ತಿಗರಿ ಬಿಟ್ಟು ಸಂಡೂರು ಕಡೆ ಅದಿರಿನ ಲಾರಿ ಓಡಿಸುತ್ತಾರೆ. ವಾರಕ್ಕೊಮ್ಮೆ ಬಂದಾಗ ಅವರ ಅಂಗಿ, ರೆಪ್ಪೆ, ಬುತ್ತಿ ಚೀಲ ಎಲ್ಲ ಕೆಂಪು. ಆ ಕೆಂಪು ಕಬ್ಬಿಣದ ಆಕ್ಸೈಡು. ತಾತನ ಗಡಿಗೆ ಕೆಂಪಾಗುವುದೂ ಅದರಿಂದಲೇ. ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಕಬ್ಬಿಣಕ್ಕೆ ಆಮ್ಲಜನಕ ಸಿಕ್ಕು ಕೆಂಪು. ಗಾಳಿ ಬಾರದಂತೆ ಮುಚ್ಚಿ ಹೊಗೆ ಕೂಡಿಸಿದರೆ ಅದೇ ಮಣ್ಣಿನ ಗಡಿಗೆ ಕಪ್ಪು.

ಹಾಗಾದರೆ ಬಟ್ಟಲಿನ ಹಸಿರು ಯಾವುದರಿಂದ ಬಂತು? ಪಾಚಿಯಿಂದಲ್ಲ, ಎಲೆಯ ರಸದಿಂದಲ್ಲ. ಅದೂ ಕಬ್ಬಿಣದಿಂದಲೇ! ಬಟ್ಟಲಿನ ಮೇಲೆ ಬಳಿಯುವ ಮೆರುಗಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಕಬ್ಬಿಣದ ಆಕ್ಸೈಡು ಇದ್ದು, ಭಟ್ಟಿಯಲ್ಲಿ ಆಮ್ಲಜನಕ ಕಡಿಮೆ ಮಾಡಿ ಸುಟ್ಟರೆ ಆ ಮೆರುಗು ಕರಗಿ ತಿಳಿ ಹಸಿರು ಗಾಜಾಗುತ್ತದೆ. ಇದಕ್ಕೆ ಸೆಲಡಾನ್ ಅನ್ನುತ್ತಾರೆ. ಚೀನಾದವರು ನೂರಾರು ವರ್ಷಗಳ ಹಿಂದೆಯೇ ಇದರಲ್ಲಿ ಪಳಗಿದ್ದರು. ಕಬ್ಬಿಣ ಹೆಚ್ಚು ಹಾಕಿದರೆ ಕಂದು, ಇನ್ನೂ ಹೆಚ್ಚಾದರೆ ಕಪ್ಪು. ಸಂಡೂರಿನ ಗುಡ್ಡಗಳಲ್ಲಿ ಸಿಗುವ ಮ್ಯಾಂಗನೀಸ್ ಕೂಡ ಮೆರುಗಿಗೆ ಕಂದು, ನೇರಳೆ ಬಣ್ಣ ಕೊಡುತ್ತದೆ.

ಇದನ್ನು ಅಪ್ಪನಿಗೆ ಹೇಳಿದೆ. ಅಂಗಿ ಕೊಡವುತ್ತಾ "ಹಂಗಾದ್ರ ನಾನು ದಿನಾ ಬಣ್ಣದಾಗ ಅಡ್ಡಾಡ್ತೀನಿ ಅನ್ನು" ಅಂದರು.

ಯಾವುದು ಹೆಚ್ಚು?

ನಾನೊಂದು ಪಟ್ಟಿ ಮಾಡಿದೆ.

ಪಿಂಗಾಣಿ ಬಟ್ಟಲಿನಲ್ಲಿ ಸಂದು ಇಲ್ಲ. ನೀರು ಜಿನುಗುವುದಿಲ್ಲ, ಉಪ್ಪಿನಕಾಯಿಯ ಎಣ್ಣೆ ಇಳಿಯುವುದಿಲ್ಲ, ತೊಳೆದರೆ ಸ್ವಚ್ಛ. ಆದರೆ ಅದನ್ನು ಒಲೆಯ ಮೇಲೆ ಇಟ್ಟರೆ ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದು ಸೀಳುತ್ತದೆ.

ಗಡಿಗೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಂದುಗಳು ಬಹಳ. ನೀರು ಅವುಗಳಲ್ಲಿ ಹೊರಗೆ ಬಂದು ಆವಿಯಾಗುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಕಂಪ್ಲಿ ಕಡೆಯ ಏಪ್ರಿಲ್ ಬಿಸಿಲಿನಲ್ಲೂ ನೀರು ತಣ್ಣಗೆ ಇರುವುದು ಇದರಿಂದ. ಅಡಿಗೆ ಮಡಕೆಗೆ ತಾತ ಮಣ್ಣಿನಲ್ಲಿ ಮರಳು ಹೆಚ್ಚು ಬೆರೆಸುತ್ತಾರೆ. ಮರಳಿನ ಕಣ ಸೀಳನ್ನು ಮುಂದೆ ಓಡಲು ಬಿಡದೆ ಅಲ್ಲೇ ತಡೆಯುತ್ತದೆ, ಹಾಗಾಗಿ ಒಲೆಯ ಉರಿ ತಡೆದುಕೊಳ್ಳುತ್ತದೆ. ಪಿಂಗಾಣಿ ಗಡಿಗೆಯಲ್ಲಿ ನೀರು ತಣ್ಣಗಾಗುವುದಿಲ್ಲ. ಒಂದರ ಕೆಲಸ ಇನ್ನೊಂದಕ್ಕೆ ಬಾರದು.

ಕಮಲಾಪುರದ ಗಾಜಿನ ಪೆಟ್ಟಿಗೆ

ಹೋದ ವರ್ಷ ಹಂಪಿಗೆ ಪ್ರವಾಸ ಹೋದಾಗ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ನಾವು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದೆವು. ವಿಜಯನಗರದ ಕಾಲದಲ್ಲಿ ಚೀನಾದ ಪಿಂಗಾಣಿ ಸಮುದ್ರದ ದಾರಿಯಲ್ಲಿ ಬಂದು ಹಂಪಿ ಸೇರುತ್ತಿತ್ತು. ಶ್ರೀಮಂತರು ವಾಸವಿದ್ದ ಜಾಗಗಳನ್ನು ಅಗೆದಾಗ ಅದರ ಚೂರುಗಳು ಸಿಕ್ಕಿವೆ. ಆದರೆ ಅದೇ ಅಗೆತದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಿಕ್ಕಿದ್ದು ಇಲ್ಲಿನ ಕುಂಬಾರರ ಮಣ್ಣಿನ ಮಡಕೆಯ ಚೂರು. ಅವತ್ತು ನಾವು ಅದರ ಕಡೆ ನೋಡಲೇ ಇಲ್ಲ.

ನೋಡಿದವರೂ ಇದ್ದಾರೆ. ಅಮೆರಿಕದ ಕಾರ್ಲಾ ಸಿನೋಪೊಲಿ ಎಂಬ ಪುರಾತತ್ವ ವಿದ್ವಾಂಸರು ಆ ಸಾಧಾರಣ ಚೂರುಗಳನ್ನೇ ಅಳೆದು, ವಿಂಗಡಿಸಿ, ೧೯೯೩ರಲ್ಲಿ ಒಂದು ಇಡೀ ಪುಸ್ತಕ ಪ್ರಕಟಿಸಿದರು. ಅರಮನೆಯ ಪಕ್ಕದ ಮನೆಗಳಲ್ಲೂ ಅನ್ನ ಬೇಯಿಸಲು, ನೀರು ತುಂಬಲು ಮಣ್ಣಿನ ಗಡಿಗೆಯೇ ಬೇಕಿತ್ತು. (ಹಂಪಿಯಲ್ಲಿ ಚೂರು ಕಂಡರೆ ಎತ್ತಿಕೊಳ್ಳಬೇಡಿ. ಅಲ್ಲೇ ಇದ್ದರೆ ಅದು ಸಾಕ್ಷಿ, ನಮ್ಮ ಜೇಬಿನಲ್ಲಿ ಬರೀ ಬೋಕಿ.)

ಸ್ಟುಡಿಯೋ ಕುಂಬಾರರು ಅಂದ್ರೆ ಯಾರು?

ಕಾರ್ಖಾನೆಯಲ್ಲಿ ಒಬ್ಬರು ಮಣ್ಣು ಕಲಸಿದರೆ ಇನ್ನೊಬ್ಬರು ಅಚ್ಚಿಗೆ ಹಾಕುತ್ತಾರೆ, ಮತ್ತೊಬ್ಬರು ಬಣ್ಣ ಬಳಿಯುತ್ತಾರೆ. ಮಣ್ಣಿನಿಂದ ಮೆರುಗಿನವರೆಗೆ ಎಲ್ಲವನ್ನೂ ತಮ್ಮ ಕಾರ್ಯಾಗಾರದಲ್ಲಿ ತಾವೇ ಮಾಡುವವರು ಸ್ಟುಡಿಯೋ ಕುಂಬಾರರು. ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಹಮಾದಾ ಶೋಜಿ ೧೯೨೦ರಲ್ಲಿ ಸೇಂಟ್ ಐವ್ಸ್ ಎಂಬ ಊರಿನಲ್ಲಿ ಇಂಥ ಕಾರ್ಯಾಗಾರ ಕಟ್ಟಿದರು. ನಮ್ಮ ದೇಶದಲ್ಲಿ ಜಪಾನಿಗೆ ಹೋಗಿ ಕಲಿತು ಬಂದ ಗುರುಚರಣ್ ಸಿಂಗ್ ದೆಹಲಿಯಲ್ಲಿ ಈ ಕೆಲಸ ಬೆಳೆಸಿದರು. ಪುದುಚೇರಿಯಲ್ಲಿ ೧೯೭೧ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಗೋಲ್ಡನ್ ಬ್ರಿಡ್ಜ್ ಪಾಟರಿ ಸುರುಮಾಡಿದರು. ಅಲ್ಲಿ ಕಲಿತವರು ಬಹಳ ಜನ, ಆ ಊರಿನ ಸುತ್ತ ಇಷ್ಟು ಕುಂಬಾರಿಕೆ ಇರುವುದು ಹಾಗೆ.

ಇದನ್ನೆಲ್ಲ ಓದಿ ಹೇಳಿದಾಗ ತಾತ ಕೇಳಿದರು. "ಮಣ್ಣು ತರೋದರಿಂದ ಸುಡೋ ತನಕ ಎಲ್ಲಾ ನಾನ ಮಾಡ್ತೀನಿ. ಹಂಗಾದ್ರ ನಾನೂ ಅದೇ ಅಲ್ಲೇನು?"

ಅಲ್ಲ ಅನ್ನಲು ನನಗೆ ಕಾರಣ ಸಿಗಲಿಲ್ಲ. ವ್ಯತ್ಯಾಸ ಇರುವುದು ಬೆಲೆಯಲ್ಲಿ. ಹೊಸಪೇಟೆ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಕೊಡ ಬಂದ ಮೇಲೆ ತಾತನ ಗಡಿಗೆ ಬೇಸಿಗೆಯಲ್ಲಿ ಮಾತ್ರ ಹೋಗುತ್ತದೆ. ಮದುವೆಗೆ ಐರಾಣಿ, ದೀಪಾವಳಿಗೆ ಹಣತೆ ಅಷ್ಟೇ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ೨೦೧೮ರಿಂದ ಆಯೋಗದವರು ಕುಂಬಾರರಿಗೆ ವಿದ್ಯುತ್ ತಿಗರಿ ಕೊಡುವ ಯೋಜನೆಯನ್ನೂ ನಡೆಸಿದ್ದಾರೆ. ತಿಗರಿ ತಿರುಗಿಸಲು ಕರೆಂಟು ಬಂದೀತು. ಒಳಗಿನ ಕಲ್ಲು ಎಲ್ಲಿದೆ ಅಂತ ತಿಳಿಯುವ ಕೈ ಮಾತ್ರ ನೋಡಿ, ಮಾಡಿಯೇ ಬರಬೇಕು. ನಮ್ಮೂರಿನಲ್ಲಿ ಆ ಕೈ ಈಗ ತಾತನದು ಒಂದೇ. ಅವರಿಗೆ ವಯಸ್ಸು ಎಪ್ಪತ್ತು ದಾಟಿದೆ.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಮಣ್ಣು ತುಳಿಯುತ್ತಾರೆ, ಹೊರುತ್ತಾರೆ, ಕೆಮ್ಮಣ್ಣು ಬಳಿಯುತ್ತಾರೆ, ತಿಗರಿ ಮಾತ್ರ ಮುಟ್ಟುವುದಿಲ್ಲ. ಹಾಗಾಗಿ ನಾನು ಇಷ್ಟು ದಿನ ಕಲಿಯುವ ಯೋಚನೆಯನ್ನೇ ಮಾಡಿರಲಿಲ್ಲ. ಆದರೆ ಟೀಚರು ಒಂದು ವಿಷಯ ಹೇಳಿದರು. ಇಂಗ್ಲೆಂಡಿನ ಮೇರಿ ರಾಜರ್ಸ್ ಎಂಬವರು ಎಲೆ, ಹೂವು, ಚಿಪ್ಪುಗಳನ್ನು ನೋಡಿ ತೆಳ್ಳನೆಯ ಪಿಂಗಾಣಿ ಬಟ್ಟಲು ಮಾಡಿ ಹೆಸರಾದವರು. ಅವರು ಅವನ್ನು ಮಾಡಿದ್ದು ತಿಗರಿಯ ಮೇಲಲ್ಲ. ಬೆರಳಿನಿಂದ ಒತ್ತಿ ಒತ್ತಿ!

ನೀವೂ ಮಾಡಿ ನೋಡಿ

ನಿಂಬೆಹಣ್ಣಿನ ಗಾತ್ರದ ಜೇಡಿಮಣ್ಣು ತೆಗೆದುಕೊಳ್ಳಿ. ಕಲ್ಲು, ಬೇರು ಆರಿಸಿ ಚೆನ್ನಾಗಿ ನಾದಿ. ಎಡ ಅಂಗೈಯಲ್ಲಿ ಉಂಡೆ ಇಟ್ಟು ಬಲಗೈ ಹೆಬ್ಬೆರಳನ್ನು ನಡುವೆ ಇಳಿಸಿ, ತಳ ತೂತಾಗಬಾರದು. ಉಂಡೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬೆರಳು ಹೆಬ್ಬೆರಳಿನ ನಡುವೆ ಒತ್ತುತ್ತಾ ಬನ್ನಿ. ಕೆಳಗಿನಿಂದ ಸುರುಮಾಡಿ, ಅಂಚನ್ನು ಕೊನೆಗೆ ತೆಳು ಮಾಡಿ. ಒಳಗೆ ಕುಂಬಳದ ಎಲೆಯ ಬೆನ್ನು ಒತ್ತಿದರೆ ನರಗಳು ಮೂಡುತ್ತವೆ. ಅಂಚಿಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ನಾಲ್ಕೈದು ದಿನ ಇಡಿ.

ನಾನು ಮಾಡಿದ ಮೊದಲನೇ ಬಟ್ಟಲು ಬಿಸಿಲಿಗಿಟ್ಟು ಅಂಚು ಸೀಳಿತು. ಎರಡನೆಯದು ಪೂರಾ ಆರುವ ಮೊದಲೇ ಆವಿಗೆಗೆ ಇಟ್ಟೆ, ಹಬೆಗೆ ಸಿಡಿದು ತಾತನ ಎರಡು ಗಡಿಗೆಯನ್ನೂ ಒಡೆಯಿತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರ. ನೀನು ದೊಣ್ಣಿ ಇಲ್ಲದಂಗ ಮಾಡಿದಿ" ಅಂತ ತಾತ ಬೈದರು. ಮೂರನೆಯದು ಉಳಿಯಿತು. ತಾತ ಅದನ್ನು ತಟ್ಟಿ ಕಿವಿಗೆ ಹಿಡಿದರು. ಟಿಣ್ ಅನ್ನಲಿಲ್ಲ, ದಬ್ ಅಂತಲೂ ಅನ್ನಲಿಲ್ಲ. "ನಡುವ ಐತಿ" ಅಂದರು.

ತಿಗರಿ ಮುಟ್ಟಲಾ ಅಂತ ಹೋದ ಭಾನುವಾರ ಕೇಳಿದೆ. ಹೂಂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಒಳಗಿನ ಗುಂಡುಕಲ್ಲನ್ನು ನನ್ನ ಕೈಗೆ ಕೊಟ್ಟು "ಮೊದ್ಲು ಇದನ್ನ ಹಿಡಿಯೋದು ಕಲಿ" ಅಂದರು. ಭಾರ ಇದೆ, ನುಣುಪಾಗಿದೆ. ಅದು ಅವರ ತಾತನದಂತೆ.

ನನ್ನ ಮೂರನೇ ಬಟ್ಟಲನ್ನೂ ತಾತನ ಗಡಿಗೆಯ ಒಂದು ಚೂರನ್ನೂ ಈ ಪತ್ರಿಕೆಯ ಕೆಳಗಿನ ಬೆಂಚಿನ ಮೇಲೆ ಇಟ್ಟಿದ್ದೇನೆ. ಎರಡನ್ನೂ ಬೆರಳಿನಿಂದ ತಟ್ಟಿ ನೋಡಿ. ಮೆಲ್ಲಗೆ. ಹಿಂದಿನ ಬೆಂಚಿನವರು ಸ್ಕೇಲ್ ತರಬಹುದು.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ